ಒಂದೇ ವೆಲ್ಡಿಂಗ್, ಮೂರು ಸಂಬಳ: ಯೂನಿಯನ್ ಇದ್ದರೆ ಸರಿಹೋಗುತ್ತಾ?

ತಾರಿಹಾಳ_ವೆಲ್ಡರ್: ನಮ್ಮ ಓಣಿಯಲ್ಲಿ ಮೂವರು ವೆಲ್ಡರ್ ಇದ್ದೇವೆ. ಮೂವರೂ ಐಟಿಐ, ಒಂದೇ ಬ್ಯಾಚ್. ಒಬ್ಬ ರೈಲ್ವೆ ವರ್ಕ್‌ಶಾಪ್‌ನಲ್ಲಿ, ಒಬ್ಬ ಧಾರವಾಡದ ಕಡೆ ದೊಡ್ಡ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ, ನಾನು ಇಲ್ಲಿ ಶೆಡ್‌ನಲ್ಲಿ. ರೈಲ್ವೆಯವನಿಗೆ ನನ್ನ ಎರಡು ಪಟ್ಟು ಸಂಬಳ. ಸ್ವೀಡನ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. ಯೂನಿಯನ್‌ನವರು, ಮಾಲೀಕರ ಸಂಘದವರು ಕೂತು ಒಪ್ಪಂದ ಮಾಡುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ಜನ ಅದರೊಳಗೆ ಬರುತ್ತಾರೆ. ಉದ್ಯಮ ಬದಲಾದರೂ ಸಂಬಳದಲ್ಲಿ ಇಷ್ಟು ಅಂತರ ಇಲ್ಲ. ನಮಗ್ಯಾಕೆ ಆಗಲ್ಲ?

ಗೋಕುಲ್‌ರೋಡ್_ಮಾಲೀಕ: ಸ್ವೀಡನ್ ಅಂದ ಕೂಡಲೇ ಓದುವುದು ಬಿಟ್ಟೆ. ಇಡೀ ದೇಶಕ್ಕೆ ಒಂದು ಕೋಟಿ ಚಿಲ್ಲರೆ ಜನ. ನನ್ನ ಶೆಡ್‌ನಲ್ಲಿ ಎಂಟು ಮಂದಿ. ಆರ್ಡರ್ ಕೊಡುವವರು ರೇಟ್ ಏರಿಸಲ್ಲ, ಸ್ಟೀಲ್ ರೇಟ್ ಇಳಿಯಲ್ಲ. ಯಾರ ಜೊತೆ ಕೂತು ಒಪ್ಪಂದ ಮಾಡಲಿ?

ಗದಗ_ಮಾಸ್ತರ: ಜನಸಂಖ್ಯೆ ನೆಪ ಬೇಡ ಸರ್. ಫ್ರಾನ್ಸ್ ಹತ್ತಿರಹತ್ತಿರ ಕರ್ನಾಟಕದಷ್ಟೇ ಇದೆ. ಅಲ್ಲಿ ಯೂನಿಯನ್ ಸದಸ್ಯರು ಹತ್ತರಲ್ಲಿ ಒಬ್ಬರು ಇದ್ದರೆ ಜಾಸ್ತಿ. ಆದರೂ ಬಹುತೇಕ ಎಲ್ಲರೂ ಒಪ್ಪಂದದೊಳಗಿದ್ದಾರೆ. ಯಾಕೆ? ಒಂದು ಉದ್ಯಮದಲ್ಲಿ ಒಪ್ಪಂದ ಆದರೆ ಸರ್ಕಾರ ಅದನ್ನು ಆ ಉದ್ಯಮದ ಎಲ್ಲರಿಗೂ ಅನ್ವಯಿಸುತ್ತದೆ. ಎಂಟು ಮಂದಿಯ ಶೆಡ್‌ಗೂ.

ಧಾರವಾಡ_ಅಂಕಿಅಂಶ: "ಒಪ್ಪಂದದೊಳಗಿದ್ದಾರೆ" ಸರಿ. ಅದರಿಂದ ಅಂತರ ಹೋಗುತ್ತೆ ಅಂತ ಯಾರು ಹೇಳಿದ್ದು? ಆಸ್ಟ್ರಿಯಾದಲ್ಲೂ ಬಹುತೇಕ ಎಲ್ಲರೂ ಒಪ್ಪಂದದೊಳಗಿದ್ದಾರೆ. ಅಲ್ಲಿ ಉದ್ಯಮಗಳ ನಡುವಿನ ಅಂತರ ಸ್ವೀಡನ್‌ಗಿಂತ ದೊಡ್ಡದು. 1988ರಲ್ಲೇ ಕ್ರೂಗರ್, ಸಮ್ಮರ್ಸ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಲೆಕ್ಕ ಇಟ್ಟು ತೋರಿಸಿದ್ದಾರೆ. ಓದು, ಅನುಭವ ಒಂದೇ ಇದ್ದರೂ ಉದ್ಯಮ ನೋಡಿ ಸಂಬಳ ಬದಲಾಗುತ್ತದೆ. ಯೂನಿಯನ್ ಇಲ್ಲದವರಲ್ಲೂ ಅಷ್ಟೇ. ಪೆಟ್ರೋಲಿಯಂನವರು ಮೇಲೆ, ಹೋಟೆಲಿನವರು ಕೆಳಗೆ. ಬೇರೆ ದೇಶಗಳಲ್ಲೂ ಹೆಚ್ಚುಕಡಿಮೆ ಇದೇ ಸಾಲು.

ವರ್ಕ್‌ಶಾಪ್_ಮೊಮ್ಮಗ: "ಯೂನಿಯನ್ ಇಲ್ಲದವರಲ್ಲೂ" ಅಂತೆ! ರೈಲ್ವೆಯವರ ಸಂಬಳ ಆಕಾಶದಿಂದ ಉದುರಿತಾ? 1974ರ ಮುಷ್ಕರದ ಹೆಸರಾದರೂ ಕೇಳಿದ್ದೀರಾ? ನಮ್ಮಜ್ಜ ಗದಗ ರೋಡ್ ವರ್ಕ್‌ಶಾಪ್‌ನಲ್ಲಿ ಫಿಟ್ಟರ್. ಆ ಮುಷ್ಕರದಲ್ಲಿ ಇದ್ದವರು.

ಧಾರವಾಡ_ಅಂಕಿಅಂಶ: ಕೇಳಿದ್ದೇನೆ. ಮೇ 8ಕ್ಕೆ ಶುರುವಾಯಿತು, ಆ ತಿಂಗಳು ಮುಗಿಯುವುದರೊಳಗೆ ವಾಪಸ್. ಸೋತ ಮುಷ್ಕರ. ರೈಲ್ವೆ ಸಂಬಳ ಏರುವುದು ಪೇ ಕಮಿಷನ್‌ನಿಂದ.

ವರ್ಕ್‌ಶಾಪ್_ಮೊಮ್ಮಗ: ಸೋತಿತಾ? ಬೋನಸ್ ದೊಡ್ಡ ಬೇಡಿಕೆ ಆಗಿತ್ತು. 1979-80ರಲ್ಲಿ ಬಂತಲ್ಲ. ಈಗಲೂ ದಸರಾ ಹೊತ್ತಿಗೆ 78 ದಿನದ ಬೋನಸ್ ಅಂತ ಪೇಪರ್‌ನಲ್ಲಿ ಬರೋದು ಕಾಣಲ್ವಾ?

ಗೋಕುಲ್‌ರೋಡ್_ಮಾಲೀಕ: ಐದು ವರ್ಷ ಬಿಟ್ಟು ಬಂದಿದ್ದೂ ಗೆಲುವೇನ್ರೀ? ಹಾಗಾದರೆ 1982ರ ಮುಂಬೈ ಗಿರಣಿ ಮುಷ್ಕರಾನೂ ಗೆದ್ದಿದೆ ಅನ್ನಿ. ಎರಡೂವರೆ ಲಕ್ಷದಷ್ಟು ಜನ ಇಳಿದರು. ಈಗ ಆ ಜಾಗದಲ್ಲಿ ಮಾಲ್ ಎದ್ದಿವೆ.

ವರ್ಕ್‌ಶಾಪ್_ಮೊಮ್ಮಗ: ಗಿರಣಿ ಯಾಕೆ ಎಳೆದು ತರ್ತೀರಿ? ರೈಲ್ವೆ ಮುಷ್ಕರ ಮುನ್ನಡೆಸಿದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಲ್ಲೇ ಇದ್ದು ಮುಜಫರ್‌ಪುರದಿಂದ ಗೆದ್ದರು. ಮಂತ್ರಿಯೂ ಆದರು. ಸೋತವರನ್ನು ಜನ ಹೀಗೆ ಗೆಲ್ಲಿಸುತ್ತಾರಾ?

ಧಾರವಾಡ_ಅಂಕಿಅಂಶ: ಆಗ ಜೈಲಲ್ಲಿದ್ದದ್ದು ಮುಷ್ಕರಕ್ಕಲ್ಲ, ಬರೋಡಾ ಡೈನಮೈಟ್ ಕೇಸಿಗೆ, ಅಂದರೆ ತುರ್ತು ಪರಿಸ್ಥಿತಿ ವಿರುದ್ಧ ಸ್ಫೋಟದ ಸಂಚು ಅನ್ನೋ ಆರೋಪಕ್ಕೆ. ನಾಯಕ ಗೆದ್ದರು, ಮುಷ್ಕರ ಸೋತಿತು. ಎರಡನ್ನೂ ಕಲಸಬೇಡಿ.

ವರ್ಕ್‌ಶಾಪ್_ಮೊಮ್ಮಗ: ಕಲಸುತ್ತಿರುವವರು ನೀವು! ಎಸಿ ರೂಮಲ್ಲಿ ಕೂತು ಎಕ್ಸೆಲ್ ತೆಗೆದವರಿಗೆ ಮುಷ್ಕರ ಅಂದರೆ ಏನು ಗೊತ್ತು?

ಧಾರವಾಡ_ಅಂಕಿಅಂಶ: ನಮ್ಮ ರೂಮಿನಲ್ಲಿ ಫ್ಯಾನೇ ಸರಿ ಇಲ್ಲ.

ಬ್ಯಾಡಗಿ_ಖಾರ: ರೈಲ್ವೆ ಜಗಳ ಮುಗಿದಿದ್ದರೆ ಒಂದು ಮಾತು. ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಕಿಲೋ ಲೆಕ್ಕ. ಮುಖಕ್ಕೆ ಸೆರಗು ಕಟ್ಟಿಕೊಂಡರೂ ಕೆಮ್ಮು ನಿಲ್ಲಲ್ಲ. ಸಂಜೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಉರಿ ಇಳಿಯುವ ತನಕ ಮೊಮ್ಮಗಳನ್ನು ಎತ್ತಿಕೊಳ್ಳಲ್ಲ. ಇವತ್ತು ಒಬ್ಬ ವ್ಯಾಪಾರಿ, ನಾಳೆ ಇನ್ನೊಬ್ಬ. ಸೀಸನ್ ಮುಗಿದರೆ ಯಾರೂ ಇಲ್ಲ. ಇವರ ಪರ ಯಾರು ಕೂರಬೇಕು, ಯಾರ ಎದುರು ಕೂರಬೇಕು?

ಗೋಕುಲ್‌ರೋಡ್_ಮಾಲೀಕ: ಕಿಲೋ ಲೆಕ್ಕವೇ ಒಳ್ಳೆಯದು ತಂಗಿ. ದುಡಿದಷ್ಟು ದುಡ್ಡು.

ಬ್ಯಾಡಗಿ_ಖಾರ: ಬನ್ನಿ ಅಣ್ಣ, ಒಂದು ಚೀಲ ಬಿಡಿಸಿ. ಆಮೇಲೆ ಕಣ್ಣು ಉಜ್ಜಿಕೊಳ್ಳಿ.

ಗದಗ_ಮಾಸ್ತರ: ನಮ್ಮ ದೇಶದಲ್ಲಿ ಆಗಲ್ಲ ಅನ್ನುವವರು ಬ್ಯಾಂಕ್ ನೋಡಿ. 1966ರಿಂದ ಬ್ಯಾಂಕ್ ಆಡಳಿತದವರು, ಯೂನಿಯನ್‌ನವರು ಕೂತು ಮಾಡುವ ದ್ವಿಪಕ್ಷೀಯ ಒಪ್ಪಂದ ನಡೆಯುತ್ತಿದೆ. ಗದಗದ ಕ್ಲರ್ಕ್‌ಗೂ ಮುಂಬೈ ಕ್ಲರ್ಕ್‌ಗೂ ಒಂದೇ ಪೇ ಸ್ಕೇಲ್.

ಧಾರವಾಡ_ಅಂಕಿಅಂಶ: ಕ್ಲರ್ಕ್‌ಗೆ ಹೌದು. ಬಾಗಿಲಲ್ಲಿ ನಿಂತ ಏಜೆನ್ಸಿ ಗಾರ್ಡ್‌ಗೆ? ಒಪ್ಪಂದ ಒಳಗಿರುವವರ ಅಂತರ ಇಳಿಸುತ್ತೆ, ಹೊರಗಿರುವವರ ಜೊತೆ ಏರಿಸುತ್ತೆ. ಇನ್ನು ನಿಮ್ಮ ಸ್ವೀಡನ್‌ನಲ್ಲೇ 1983ರಲ್ಲಿ ಲೋಹ ಕಾರ್ಮಿಕರ ಯೂನಿಯನ್ ರಾಷ್ಟ್ರ ಮಟ್ಟದ ಮಾತುಕತೆಯಿಂದ ಹೊರಬಂದು ಬೇರೆ ಒಪ್ಪಂದ ಮಾಡಿಕೊಂಡಿತು. ಅವರಲ್ಲಿ ವೆಲ್ಡರ್‌ಗಳೂ ಇದ್ದರು.

ತಾರಿಹಾಳ_ವೆಲ್ಡರ್: ಹೊರಬಂದರೂ ಯೂನಿಯನ್ ಬಿಡಲಿಲ್ಲ, ಒಪ್ಪಂದವನ್ನೂ ಬಿಡಲಿಲ್ಲ. ಅದನ್ನು ಹೇಳಲ್ಲ ನೀವು. ಅಲ್ಲಿನ ಯೂನಿಯನ್ ಅರ್ಥಶಾಸ್ತ್ರಜ್ಞರು, ರೇನ್ ಮತ್ತು ಮೈಡ್ನರ್, 1951ರಲ್ಲೇ ಹೇಳಿದ್ದರು. ಒಂದೇ ಕೆಲಸಕ್ಕೆ ಒಂದೇ ಸಂಬಳ. ಅಷ್ಟು ಕೊಡಲಾಗದ ಫ್ಯಾಕ್ಟರಿ ಮುಚ್ಚಿದರೆ ಮುಚ್ಚಲಿ, ಕೆಲಸಗಾರನಿಗೆ ಸರ್ಕಾರ ತರಬೇತಿ ಕೊಟ್ಟು ಬೇರೆ ಕಡೆ ಸೇರಿಸಲಿ ಅಂತ.

ಗೋಕುಲ್‌ರೋಡ್_ಮಾಲೀಕ: "ಮುಚ್ಚಿದರೆ ಮುಚ್ಚಲಿ." ಸ್ಕ್ರೀನ್‌ಶಾಟ್ ತೆಗೆದಿದ್ದೇನೆ. ನಾಳೆ ನಮ್ಮ ಇಂಡಸ್ಟ್ರಿಯಲ್ ಎಸ್ಟೇಟ್ ಗ್ರೂಪಿಗೆ ಹಾಕ್ತೀನಿ.

ತಾರಿಹಾಳ_ವೆಲ್ಡರ್: ತರಬೇತಿ ಅಂದಿದ್ದು ಸ್ಕ್ರೀನ್‌ಶಾಟ್‌ನಲ್ಲಿ ಬರಲಿಲ್ವಾ?

ವರ್ಕ್‌ಶಾಪ್_ಮೊಮ್ಮಗ: ಅದೆಲ್ಲ ಇರಲಿ. 78 ದಿನದ ಬೋನಸ್‌ಗೆ ಯಾರೂ ಉತ್ತರ ಕೊಡಲಿಲ್ಲ.

ಧಾರವಾಡ_ಅಂಕಿಅಂಶ: ಕೊಟ್ಟಿದ್ದೇವೆ. ಮೇಲೆ ಹೋಗಿ ಓದಿ.

ವರ್ಕ್‌ಶಾಪ್_ಮೊಮ್ಮಗ: ಓದಿದೆ. ಅದು ಉತ್ತರ ಅಲ್ಲ.