ಅಪ್‌ಡೇಟ್: ಟೆಕ್ಸಾಸ್‌ನ ‘ಸಬ್ಜೆಕ್ಟ್ ಟು’ ಮನೆ ಖರೀದಿಯ ಕಾಗದಪತ್ರ
ಮಾರುವವರ ಗೃಹಸಾಲವನ್ನು ಅವರ ಹೆಸರಿನಲ್ಲೇ ಉಳಿಸಿ, ಕಂತನ್ನು ನಾನು ಕಟ್ಟುತ್ತಾ ಮನೆ ಕೊಳ್ಳಲು (ಇದೇ ‘ಸಬ್ಜೆಕ್ಟ್ ಟು’ ಖರೀದಿ) ಯಾವ ಕಾಗದಪತ್ರ ಬೇಕು ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಸಿದ್ಧ ನಮೂನೆಗಳನ್ನು ಬಿಟ್ಟು ವಕೀಲರಿಂದಲೇ ಬರೆಸುತ್ತಿದ್ದೇನೆ: ಖರೀದಿ ಕರಾರು, ಕ್ರಯಪತ್ರ, ಸಾಲದ ವಿವರ ಪಡೆಯಲು ಮಾರುವವರ ಒಪ್ಪಿಗೆಪತ್ರ.

ಮುಖ್ಯ ವಿಷಯ ಬೇರೆಯೇ ಇದೆ. ಸಾಲವಿರುವ ವಾಸದ ಮನೆ ಮಾರುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಾರಾಟಕ್ಕೆ ಕನಿಷ್ಠ 7 ದಿನ ಮೊದಲೇ ಕೊಳ್ಳುವವರಿಗೂ ಸಾಲ ಕೊಟ್ಟವರಿಗೂ ಲಿಖಿತ ಮಾಹಿತಿ ಕೊಡಬೇಕೆಂದು ಟೆಕ್ಸಾಸ್‌ನ ಆಸ್ತಿ ಕಾನೂನು ಹೇಳುತ್ತದೆ. ಬ್ಯಾಂಕಿಗೆ ತಿಳಿಸದೆ ಮುಗಿಸಿ ಎಂಬ ಸಲಹೆಯನ್ನು ಹಾಗಾಗಿ ಪಕ್ಕಕ್ಕಿಟ್ಟಿದ್ದೇನೆ. ಮನೆ ಕೈಬದಲಾದರೆ ಪೂರ್ತಿ ಸಾಲವನ್ನು ಕೂಡಲೇ ತೀರಿಸಬೇಕೆಂಬ ಷರತ್ತು ಸಾಲಪತ್ರದಲ್ಲಿದ್ದರೆ ಬ್ಯಾಂಕ್ ಹಾಗೆ ಕೇಳಬಹುದು. ಅಮೆರಿಕದ 1982ರ ಕೇಂದ್ರ ಕಾಯ್ದೆ ಆ ಷರತ್ತನ್ನು ಮಾನ್ಯಮಾಡಿದೆ. ನಾನು ಕಂತು ತಪ್ಪಿಸಿದರೆ ಹಾಳಾಗುವುದು ಮಾರಿದವರ ಸಾಲದ ದಾಖಲೆ. ಅದನ್ನು ಅವರಿಗೆ ಬರಹದಲ್ಲಿ ತಿಳಿಸದೆ ಸಹಿ ಹಾಕುವುದಿಲ್ಲ. ಮನೆ ವಿಮೆ ಯಾರ ಹೆಸರಿನಲ್ಲಿರಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.