ಟ್ರಿಗರ್ ಇಂಜೆಕ್ಷನ್ ರಾತ್ರಿ 10ಕ್ಕೇ ಆಗಬೇಕೇ? ಸಂಜೆ 6ಕ್ಕೆ ಹಾಕಿಸಿದರೆ ನಡೆಯುತ್ತದೆಯೇ?

ಪ್ರಶ್ನೆ: ರೋಣ ತಾಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾವು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿಯವರು. ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದ ಕಾರಣ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇವೆ. ನನಗೆ ಪಿಸಿಓಡಿ (ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಬೆಳೆದು ಹೊರಬರದ ತೊಂದರೆ) ಇದೆ. ನಮ್ಮ ಯಜಮಾನರ ವೀರ್ಯ ತಪಾಸಣೆಯ ವರದಿ ಸರಿಯಾಗಿಯೇ ಬಂದಿದೆ. ಈ ತಿಂಗಳು ಮುಟ್ಟಾದ ಮೂರನೆಯ ದಿನದಿಂದ ಅಂಡಾಣು ಬೆಳೆಯಲು ಲೆಟ್ರೊಜೋಲ್ ಗುಳಿಗೆ ಕೊಟ್ಟು, ಬಳಿಕ ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ಚೀಲ) ಸ್ಕ್ಯಾನಿಂಗ್ ಮಾಡುತ್ತ ಬಂದರು. ಬಲಗಡೆಯ ಅಂಡಾಶಯದಲ್ಲಿ 18 ಮಿ.ಮೀ. ಗಾತ್ರದ ಒಂದೇ ಫಾಲಿಕಲ್ ಬೆಳೆದಿದೆ, ಗರ್ಭಕೋಶದ ಒಳಪದರವೂ 8 ಮಿ.ಮೀ. ದಾಟಿದೆ ಎಂದು ಹೇಳಿ, ಸೋಮವಾರ ರಾತ್ರಿ 10 ಗಂಟೆಗೆ ಟ್ರಿಗರ್ ಎಂದರೆ ಅಂಡಾಣು ಹೊರಬರುವಂತೆ ಮಾಡುವ 10,000 ಯೂನಿಟ್‌ನ ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್ ಹಾಕಿಸಿಕೊಂಡು ಬುಧವಾರ ಬೆಳಿಗ್ಗೆ 10ಕ್ಕೆ ಐಯುಐಗೆ (ವೀರ್ಯವನ್ನು ನಳಿಕೆಯಿಂದ ಗರ್ಭಕೋಶದೊಳಗೆ ಹಾಕುವ ಚಿಕಿತ್ಸೆಗೆ) ಬರಬೇಕೆಂದು ಬರೆದುಕೊಟ್ಟಿದ್ದಾರೆ.

ತೊಂದರೆ ಏನೆಂದರೆ, ನಮ್ಮೂರಿನ ಆರೋಗ್ಯ ಕೇಂದ್ರದ ಸಿಸ್ಟರ್ ಸಂಜೆ 6ರ ನಂತರ ಇರುವುದಿಲ್ಲ. ಅವರು ಹೋಗುವ ಮುನ್ನವೇ ಹಾಕಿಸಿಕೊಂಡರೆ ಕೆಡುಕಾಗುತ್ತದೆಯೇ? ಇಂಜೆಕ್ಷನ್ನನ್ನು ಐಸ್ ಪ್ಯಾಕ್‌ನಲ್ಲಿಟ್ಟು ಕೊಟ್ಟಿದ್ದಾರೆ, ಆದರೆ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಇದಲ್ಲದೆ ನಮ್ಮ ಅತ್ತೆಯವರು ಈ ಔಷಧವನ್ನು ಯಾವುದರಿಂದ ತಯಾರಿಸುತ್ತಾರೆ, ಪ್ರಾಣಿಗಳಿಂದಲೇ ಎಂದು ಕೇಳುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಾವೇರಿಯ ನರ್ಸ್

ತಂಗೀ, ನಾನು ಇದೇ ಚಿಕಿತ್ಸೆಯ ವಿಭಾಗದಲ್ಲಿ ಕೆಲಸ ಮಾಡಿದವಳು. ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದರಿಂದ ಅದಕ್ಕಷ್ಟೇ ಉತ್ತರಿಸುತ್ತೇನೆ.

ರಾತ್ರಿ 10 ಗಂಟೆಗೆ ತನ್ನದೇ ಆದ ವಿಶೇಷವೇನೂ ಇಲ್ಲ. ಅದು ಬುಧವಾರ ಬೆಳಗಿನ 10ರಿಂದ ಹಿಂದಕ್ಕೆ 36 ತಾಸು ಎಣಿಸಿ ತೆಗೆದ ಸಮಯ. ಚಿಕಿತ್ಸೆಯಿಲ್ಲದ ಸಹಜ ತಿಂಗಳಿನಲ್ಲಿ ಫಾಲಿಕಲ್ ಹಣ್ಣಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಹೆಚ್ಚಾಗಿ ಸುರಿಸುತ್ತದೆ. ಎಚ್‌ಸಿಜಿಯು ರಚನೆಯಲ್ಲಿ ಅದನ್ನು ಬಹಳವಾಗಿ ಹೋಲುವುದರಿಂದ ಅಂಡಾಶಯದಲ್ಲಿ ಎಲ್‌ಎಚ್ ಕೂರುವ ಜಾಗದಲ್ಲಿಯೇ ಕೂತು ಅದೇ ಆಜ್ಞೆಯನ್ನು ಕೊಡುತ್ತದೆ. ಆಜ್ಞೆ ಸಿಕ್ಕ ಕೂಡಲೇ ಫಾಲಿಕಲ್ ಒಡೆಯುವುದಿಲ್ಲ. ಅಲ್ಲಿಯವರೆಗೆ ಅರ್ಧಕ್ಕೆ ನಿಂತಿದ್ದ ಅಂಡಾಣುವಿನ ಪಕ್ವತೆ ಮುಂದುವರಿಯಬೇಕು, ಅದು ಫಾಲಿಕಲ್‌ನ ಗೋಡೆಯಿಂದ ಸಡಿಲವಾಗಬೇಕು, ಗೋಡೆ ತೆಳ್ಳಗಾಗಿ ಬಿರಿಯಬೇಕು. ಇಷ್ಟೆಲ್ಲ ನಡೆದು ಅಂಡಾಣು ಹೊರಬೀಳಲು ಸಾಮಾನ್ಯವಾಗಿ 36ರಿಂದ 40 ತಾಸು ಬೇಕಾಗುತ್ತದೆ.

ಹೊರಬಿದ್ದ ಅಂಡಾಣುವಿಗೆ ಫಲಿಸುವ ಶಕ್ತಿ ಹೆಚ್ಚೆಂದರೆ ಒಂದು ದಿನ ಇರುತ್ತದೆ. ಆದ್ದರಿಂದ ಅಂಡಾಣು ಬರುವುದಕ್ಕಿಂತ ತುಸು ಮೊದಲೇ ವೀರ್ಯಾಣುಗಳು ಅಲ್ಲಿ ಕಾದಿರುವುದು ಒಳ್ಳೆಯದು. ತಡವಾಗುವುದೇ ಹೆಚ್ಚು ಚಿಂತೆಯ ವಿಷಯ. ಸೋಮವಾರ ಸಂಜೆ 6ಕ್ಕೆ ಹಾಕಿಸಿಕೊಂಡು ಬುಧವಾರ 10ಕ್ಕೆ ಹೋದರೆ ನಡುವಿನ ಅಂತರ 40 ತಾಸಾಗುತ್ತದೆ. ಅಷ್ಟಕ್ಕೇ ತಿಂಗಳು ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಏಕೆಂದರೆ ಐಯುಐ ಚಿಕಿತ್ಸೆಯಲ್ಲಿ ಇಂಜೆಕ್ಷನ್ ಆಗಿ 24ರಿಂದ 40 ತಾಸಿನೊಳಗೆ ಎಲ್ಲಿಯಾದರೂ ಮಾಡುವ ವೈದ್ಯರಿದ್ದಾರೆ. ಆದರೂ ಅವಕಾಶದ ಕೊನೆಯ ಅಂಚಿಗೆ ಬೇಕೆಂದೇ ಹೋಗಿ ನಿಲ್ಲುವುದೇಕೆ?

ಇಂಜೆಕ್ಷನ್ನನ್ನು ಮಾತ್ರ ನೀವಾಗಿಯೇ ಹಿಂದಕ್ಕೆ ಸರಿಸಬೇಡಿ. ಇಂದೇ ದವಾಖಾನೆಗೆ ಫೋನ್ ಮಾಡಿ ನಿಮ್ಮೂರಿನ ಪರಿಸ್ಥಿತಿಯನ್ನು ಹೇಳಿದರೆ ಅವರು ಇಂಜೆಕ್ಷನ್ ಮತ್ತು ಐಯುಐ ಎರಡನ್ನೂ ಜೊತೆಗೇ ಸರಿಸಬಲ್ಲರು. ಇಂಥ ಫೋನುಗಳು ದಿನವೂ ಬರುತ್ತವೆ, ಸಂಕೋಚಪಡುವ ಕಾರಣವಿಲ್ಲ. ಅದಾಗದಿದ್ದರೆ ರೋಣದಲ್ಲಿ ರಾತ್ರಿ ಡ್ಯೂಟಿ ಇರುವ ನರ್ಸಿಂಗ್ ಹೋಮಿನಲ್ಲಾಗಲಿ, ಗದಗದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಜಿಮ್ಸ್‌ನ ತುರ್ತು ಚಿಕಿತ್ಸಾ ವಿಭಾಗದಲ್ಲಾಗಲಿ ವೈದ್ಯರ ಚೀಟಿ ತೋರಿಸಿ ವಿಚಾರಿಸಿರಿ.

ಉತ್ತರ 2: ಗದಗದ ಔಷಧ ಅಂಗಡಿಯವರು

ಸಿಸ್ಟರ್ ಹೇಳಿದ್ದು ಸರಿಯಾಗಿದೆ. ಔಷಧದ ಬಗ್ಗೆ ಉಳಿದದ್ದನ್ನು ನಾನು ಹೇಳುತ್ತೇನೆ. ಮೊದಲು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿರಿ. ಎಚ್‌ಸಿಜಿಯ ಪುಡಿಯನ್ನು ಕೆಲವು ಕಂಪನಿಯವರು 25 ಡಿಗ್ರಿಯೊಳಗೆ ಇಟ್ಟರೆ ಸಾಕೆಂದು ಬರೆದರೆ, ಇನ್ನು ಕೆಲವರು 2ರಿಂದ 8 ಡಿಗ್ರಿಯ ನಡುವೆಯೇ ಇಡಬೇಕೆಂದು ಬರೆದಿರುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ 25 ಡಿಗ್ರಿ ಎಂದರೂ ಫ್ರಿಜ್ಜೇ ಬೇಕು. ಅದನ್ನು ಫ್ರೀಜರಿನಲ್ಲಿ ಇಡಬಾರದು ಮತ್ತು ಐಸ್ ಪ್ಯಾಕಿಗೆ ನೇರವಾಗಿ ತಾಗಿಸಿಡಬಾರದು. ನಡುವೆ ಬಟ್ಟೆಯೊಂದನ್ನು ಸುತ್ತಿರಿ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲನ್ನು ಪದೇ ಪದೇ ತೆರೆಯದಿದ್ದರೆ ಒಳಗಿನ ತಂಪು ಮೂರ್ನಾಲ್ಕು ತಾಸು ನಿಲ್ಲುತ್ತದೆ. ಆಮೇಲೂ ಕರೆಂಟು ಬರದಿದ್ದರೆ ಐಸ್ ಪ್ಯಾಕ್ ಹಾಕಿದ ಥರ್ಮಾಸಿಗೆ ವರ್ಗಾಯಿಸಿರಿ.

ಪುಡಿಯನ್ನು ಜೊತೆಗೆ ಕೊಟ್ಟ ದ್ರವದಲ್ಲಿ ಕಲಸಬೇಕಾದದ್ದು ಇಂಜೆಕ್ಷನ್ ಕೊಡುವ ಹೊತ್ತಿಗೇ ಹೊರತು ಮುಂಚೆಯಲ್ಲ. ಕುಲುಕದೆ, ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ನಿಮಗೆ 5,000 ಯೂನಿಟ್‌ನ ಎರಡು ಬಾಟಲಿ ಕೊಟ್ಟಿದ್ದರೆ ಎರಡೂ ಸೇರಿಯೇ 10,000 ಆಗುತ್ತದೆ, ಒಂದನ್ನು ಹಾಕಿ ಇನ್ನೊಂದನ್ನು ಮರಳಿ ತರುವವರನ್ನು ನಾನು ಕಂಡಿದ್ದೇನೆ. ಸ್ನಾಯುವಿಗೋ ಚರ್ಮದಡಿಗೋ ಎಂಬುದನ್ನೂ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು, ಏಕೆಂದರೆ ಅದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗುತ್ತದೆ. ಸಿರಿಂಜಿನಲ್ಲಿ ತುಂಬಿಯೇ ಬರುವ 250 ಮೈಕ್ರೊಗ್ರಾಂನ ಇನ್ನೊಂದು ಬಗೆಯಿದ್ದು, ಅದನ್ನು ಹೊಟ್ಟೆಯ ಚರ್ಮದಡಿಗೆ ಮನೆಯವರೇ ಕೊಡಲು ಕಲಿಯಬಹುದು. ಬೆಲೆ ಹೆಚ್ಚು, ಆದರೆ ರಾತ್ರಿ ಸಿಸ್ಟರ್ ಸಿಗದ ಊರಿನವರು ಮುಂದಿನ ಸಲ ವೈದ್ಯರಲ್ಲಿ ಇದನ್ನು ಕೇಳಬಹುದು.

ನಿಮ್ಮ ಅತ್ತೆಯವರ ಪ್ರಶ್ನೆ ಒಳ್ಳೆಯದು. ಎಚ್‌ಸಿಜಿ ಎಂಬುದು ಗರ್ಭಿಣಿಯ ದೇಹವೇ ತಯಾರಿಸುವ ಹಾರ್ಮೋನು. ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು 1920ರ ದಶಕದ ಕೊನೆಯಲ್ಲಿ, ಗರ್ಭಿಣಿಯರ ಮೂತ್ರದಲ್ಲಿರುವ ಯಾವುದೋ ಅಂಶವು ಇಲಿಗಳ ಅಂಡಾಶಯವನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿದ್ದರು. ಇಂದಿಗೂ ಪುಡಿ ರೂಪದ ಔಷಧವನ್ನು ಗರ್ಭಿಣಿಯರ ಮೂತ್ರವನ್ನು ಸಂಗ್ರಹಿಸಿ, ಶುದ್ಧೀಕರಿಸಿಯೇ ತೆಗೆಯುತ್ತಾರೆ. ಸಿರಿಂಜಿನ ಬಗೆಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಹ್ಯಾಮ್‌ಸ್ಟರ್ ಎಂಬ ದಂಶಕದ ಜೀವಕೋಶಗಳಿಂದ ತಯಾರಿಸುತ್ತಾರೆ. ಅದಕ್ಕಾಗಿ ಪ್ರತಿ ಸಲ ಪ್ರಾಣಿಯನ್ನು ಕೊಲ್ಲುವುದಿಲ್ಲ. ಹಿರಿಯರಿಗೆ ಎಷ್ಟು ಹೇಳಬೇಕೆಂಬುದನ್ನು ನೀವೇ ನಿರ್ಧರಿಸಿರಿ.

ಉತ್ತರ 3: ಧಾರವಾಡದ ಓದುಗಿ

ಅಕ್ಕಾ, ನಾನು ಐಯುಐ ಮತ್ತು ಐವಿಎಫ್ (ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಿಸುವಂತೆ ಮಾಡುವ ಚಿಕಿತ್ಸೆ) ಎರಡನ್ನೂ ಮಾಡಿಸಿಕೊಂಡವಳು. ಸಮಯದ ಬಗ್ಗೆ ಮಹಿಳೆಯರು ಒಬ್ಬರಿಗೊಬ್ಬರು ಹೇಳುವ ಮಾತುಗಳಲ್ಲಿ ಈ ಎರಡೂ ಕಲಸಿಹೋಗಿವೆ ಎಂದು ನನಗೆ ಅನಿಸುತ್ತದೆ. ಐವಿಎಫ್‌ನಲ್ಲಿ ಫಾಲಿಕಲ್ ಒಡೆಯುವ ಮೊದಲೇ ಸೂಜಿಯಿಂದ ಅಂಡಾಣುಗಳನ್ನು ಹೊರತೆಗೆಯಬೇಕಾದ್ದರಿಂದ ಟ್ರಿಗರ್ ಆಗಿ 35, 36 ತಾಸಿಗೆ ಸರಿಯಾಗಿ ಮೇಜಿನ ಮೇಲಿರಬೇಕು. ಬೇಗನೆ ತೆಗೆದರೆ ಅಂಡಾಣು ಬಲಿತಿರುವುದಿಲ್ಲ, ತಡವಾದರೆ ಒಡೆದುಹೋಗಿರುತ್ತದೆ. ಅರ್ಧ ತಾಸು ತಡವಾದರೂ ಫೋನ್ ಮಾಡಿ ಎಂದು ನನಗೆ ಹೇಳಿದ್ದು ಅದಕ್ಕಾಗಿಯೇ. ಆ ಕಟ್ಟುನಿಟ್ಟನ್ನು ಐಯುಐಗೆ ತಂದು ಹಚ್ಚಿ, ಗಡಿಯಾರ ನೋಡುತ್ತ ಬೆವರುವ ಅಗತ್ಯವಿಲ್ಲ.

ನೀವು ಕೇಳದ ಎರಡು ಸಂಗತಿಗಳನ್ನೂ ಹೇಳಬೇಕಿದೆ. ಮನೆಯಲ್ಲಿ ಗರ್ಭ ಪರೀಕ್ಷೆಯ ಕಾರ್ಡ್ ಹಾಕಿ ನೋಡುವಾಗ ಅದು ಹುಡುಕುವುದು ಇದೇ ಎಚ್‌ಸಿಜಿಯನ್ನು. ಸೋಮವಾರ ಚುಚ್ಚಿದ ಔಷಧವು ದೇಹದಿಂದ ಪೂರ್ತಿಯಾಗಿ ಹೋಗಲು 10ರಿಂದ 14 ದಿನ ಬೇಕಾಗಬಹುದು. ಅಷ್ಟರೊಳಗೆ ಕಾರ್ಡ್ ಹಾಕಿದರೆ ಗರ್ಭವಿಲ್ಲದಿದ್ದರೂ ಎರಡು ಗೆರೆ ಮೂಡಿ, ಮನೆಯಲ್ಲಿ ಸಕ್ಕರೆ ಹಂಚಿದ ಮೇಲೆ ಮುಟ್ಟಾಗುವ ಪ್ರಸಂಗ ಬರುತ್ತದೆ. ದವಾಖಾನೆಯವರು ಹೇಳಿದ ದಿನದವರೆಗೆ ಕಾದು ರಕ್ತದ ಬೀಟಾ ಎಚ್‌ಸಿಜಿ ಪರೀಕ್ಷೆ ಮಾಡಿಸುವುದೇ ಸರಿ. ಅಂಕಿ ಅನುಮಾನಾಸ್ಪದವಾಗಿದ್ದರೆ ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತ್ರೆ ಕೊಟ್ಟಿದ್ದರೆ ಅದರಿಂದಲೂ ಮುಟ್ಟು ಮುಂದೆ ಹೋಗಬಹುದಾದ್ದರಿಂದ ಮುಟ್ಟು ನಿಂತದ್ದನ್ನೇ ಪುರಾವೆಯೆಂದು ಹಿಡಿಯಬಾರದು.

ಎರಡನೆಯದು, ಪಿಸಿಓಡಿ ಇರುವವರಲ್ಲಿ ಅಂಡಾಶಯಗಳು ಔಷಧಕ್ಕೆ ಅತಿಯಾಗಿ ಸ್ಪಂದಿಸಿ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಹೆಚ್ಚು. ಅದಕ್ಕೆ ಕಿಡಿ ಹೊತ್ತಿಸುವುದು ಬಹುಪಾಲು ಇದೇ ಎಚ್‌ಸಿಜಿ. ಎಲ್‌ಎಚ್ ರಕ್ತದಿಂದ ಬೇಗನೆ ಕರಗಿಹೋದರೆ ಎಚ್‌ಸಿಜಿ ದಿನಗಟ್ಟಲೆ ನಿಂತು ಅಂಡಾಶಯವನ್ನು ತಟ್ಟುತ್ತಲೇ ಇರುತ್ತದೆ. ನನ್ನ ಐವಿಎಫ್‌ನಲ್ಲಿ ಫಾಲಿಕಲ್‌ಗಳು ಬಹಳ ಬೆಳೆದಿದ್ದರಿಂದ ವೈದ್ಯರು ಎಚ್‌ಸಿಜಿಯನ್ನು ಕೈಬಿಟ್ಟು, ಪಿಟ್ಯುಟರಿಯಿಂದ ನನ್ನದೇ ಎಲ್‌ಎಚ್ ಸುರಿಯುವಂತೆ ಮಾಡುವ ಬೇರೊಂದು ಇಂಜೆಕ್ಷನ್ ಕೊಟ್ಟು, ಭ್ರೂಣಗಳನ್ನು ಶೈತ್ಯೀಕರಿಸಿ ಇಟ್ಟರು. ನಿಮ್ಮದು ಗುಳಿಗೆಯಿಂದ ಬೆಳೆದ ಒಂದೇ ಫಾಲಿಕಲ್ ಆದುದರಿಂದ ಹೆದರುವಂಥದ್ದಿಲ್ಲ. ಆದರೆ ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಒಂದು ಬದಿಯಲ್ಲಿ ತಡೆಯಲಾರದ ನೋವಿನೊಂದಿಗೆ ವಾಂತಿಯಾಗುವುದು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯದೆ ಹೋಗಬೇಕು. ಇಂಜೆಕ್ಷನ್ನಿನಿಂದ ಉಷ್ಣವಾಗಿದೆ, ಮಜ್ಜಿಗೆ ಕುಡಿದರೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಮಜ್ಜಿಗೆಯನ್ನು ಧಾರಾಳವಾಗಿ ಕುಡಿಯಿರಿ, ಫೋನನ್ನೂ ಮಾಡಿರಿ.

ಮರುಪ್ರಶ್ನೆ: ರೋಣ ತಾಲೂಕಿನ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ದವಾಖಾನೆಗೆ ಫೋನ್ ಮಾಡಿದೆವು. ರೋಣದ ಒಂದು ನರ್ಸಿಂಗ್ ಹೋಮಿನಲ್ಲಿ ಸೋಮವಾರ ರಾತ್ರಿ 8ಕ್ಕೆ ಹಾಕಿಸಿಕೊಂಡು ಬುಧವಾರ ಬೆಳಿಗ್ಗೆ 8ಕ್ಕೆ ಬರಲು ಒಪ್ಪಿದ್ದಾರೆ. ಅಷ್ಟು ಬೇಗನೆ ಊರಿಂದ ಬಸ್ ಹಿಡಿಯುವುದು ಕಷ್ಟವಾದ್ದರಿಂದ ಮಂಗಳವಾರ ರಾತ್ರಿ ಹುಬ್ಬಳ್ಳಿಯಲ್ಲಿರುವ ಚಿಕ್ಕಪ್ಪನವರ ಮನೆಯಲ್ಲಿ ಉಳಿಯುತ್ತೇವೆ. ಇನ್ನೊಂದೇ ಸಂಶಯ: ಬುಧವಾರದ ಸ್ಕ್ಯಾನಿಂಗ್‌ನಲ್ಲಿ ಫಾಲಿಕಲ್ ಇನ್ನೂ ಒಡೆದಿಲ್ಲ ಎಂದರೆ ಐಯುಐಯನ್ನು ಮುಂದಕ್ಕೆ ಹಾಕುತ್ತಾರೆಯೇ?

ಉತ್ತರ 4: ಹಾವೇರಿಯ ನರ್ಸ್

ಹಾಗೆ ಮುಂದಕ್ಕೆ ಹಾಕಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ತಂಗೀ. 36 ತಾಸಿಗೆ ಫಾಲಿಕಲ್ ಹಾಗೇ ಕಾಣುವುದು ಅಪರೂಪವಲ್ಲ. ಪ್ರಯೋಗಾಲಯದಲ್ಲಿ ತೊಳೆದು ಗರ್ಭಕೋಶಕ್ಕೆ ಹಾಕಿದ ವೀರ್ಯಾಣುಗಳು ಕೆಲವು ತಾಸು ಕಾಯಬಲ್ಲವಾದ್ದರಿಂದ ಅಂದೇ ಮಾಡಿ, ಮರುದಿನ ಮತ್ತೊಮ್ಮೆ ಸ್ಕ್ಯಾನಿಂಗ್‌ಗೆ ಕರೆಯಬಹುದು. ಫಾಲಿಕಲ್ ಕುಗ್ಗಿ ಗರ್ಭಕೋಶದ ಹಿಂದೆ ಸ್ವಲ್ಪ ದ್ರವ ಕಂಡರೆ ಒಡೆದಿದೆ ಎಂದು ತಿಳಿಯುತ್ತಾರೆ. ಕೆಲವರಲ್ಲಿ ಟ್ರಿಗರ್ ಕೊಟ್ಟರೂ ಒಡೆಯದೆ ಉಳಿಯುವುದುಂಟು, ಅದು ತಿಳಿದರೆ ಮುಂದಿನ ತಿಂಗಳ ಔಷಧವನ್ನು ಬದಲಿಸಲು ಅವರಿಗೆ ದಾರಿಯಾಗುತ್ತದೆ. ಯಜಮಾನರು ಅಂದು ಬೆಳಿಗ್ಗೆ ವೀರ್ಯದ ಮಾದರಿ ಕೊಡಬೇಕಾದ್ದರಿಂದ, ತೊಳೆಯುವ ಕೆಲಸಕ್ಕೂ ಸಮಯ ಹಿಡಿಯುವುದರಿಂದ, ಎಷ್ಟು ಗಂಟೆಗೆ ತಲುಪಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ರೋಣದ ನರ್ಸಿಂಗ್ ಹೋಮಿನವರಿಂದ ಇಂಜೆಕ್ಷನ್ ಕೊಟ್ಟ ನಿಜವಾದ ಸಮಯವನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. 8:20 ಆಗಿದ್ದರೆ 8:20 ಎಂದೇ ಬರೆಸಿರಿ, ದಾಕ್ಷಿಣ್ಯಕ್ಕಾಗಿ 8 ಎಂದು ಬರೆಸಬೇಡಿ.