ಸಹಾಯ ಬೇಕು: ಕ್ರಿಸ್ಟಿನಾ ರೊಸೆಟ್ಟಿಯ ಕವಿತೆಗಳಲ್ಲಿ ಬರುವ ಅಕ್ಕತಂಗಿಯರ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಎಂ.ಎ. ಸೆಮಿನಾರಿಗೆ ವಿಕ್ಟೋರಿಯನ್ ಕಾಲದ ಇಂಗ್ಲಿಷ್ ಕವಯಿತ್ರಿ ರೊಸೆಟ್ಟಿಯ 'ಗಾಬ್ಲಿನ್ ಮಾರ್ಕೆಟ್' (1862) ಎಂಬ ಕವಿತೆ ತೆಗೆದುಕೊಂಡಿದ್ದೇನೆ. ಅದರಲ್ಲಿ ಲಾರಾ, ಲಿಝಿ ಎಂಬ ಅಕ್ಕತಂಗಿಯರಿದ್ದಾರೆ. ಲಾರಾ ತನ್ನ ಚಿನ್ನದ ಬಣ್ಣದ ಕೂದಲು ಕೊಟ್ಟು ಗಾಬ್ಲಿನ್‌ಗಳ (ಹಣ್ಣು ಮಾರುವ ಕುಳ್ಳ ಭೂತಗಳ) ಹಣ್ಣು ತಿಂದು ಸೊರಗುತ್ತಾಳೆ. ಲಿಝಿ ಬೆಳ್ಳಿ ನಾಣ್ಯ ಹಿಡಿದು ಹೋಗುತ್ತಾಳೆ. ಗಾಬ್ಲಿನ್‌ಗಳು ಮುಖಕ್ಕೆಲ್ಲ ಹಣ್ಣು ತಿಕ್ಕಿದರೂ ಅವಳು ಬಾಯಿ ತೆರೆಯುವುದಿಲ್ಲ. ಆ ರಸವನ್ನೇ ತಂದು ಲಾರಾಳನ್ನು ಉಳಿಸುತ್ತಾಳೆ. ದಾರಿ ತಪ್ಪಿದ ಹೆಣ್ಣನ್ನು ಕಾಪಾಡಲು ಇಲ್ಲಿ ಯಾವ ಗಂಡಸೂ ಬರುವುದಿಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಅಲ್ವಾ?

ಕವಿತೆಯನ್ನು ರೊಸೆಟ್ಟಿ ತನ್ನ ಅಕ್ಕ ಮರಿಯಾಳಿಗೆ ಅರ್ಪಿಸಿದ್ದಾಳೆ. ಮರಿಯಾ ಮುಂದೆ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಸಂನ್ಯಾಸಿನಿಯಾದಳು. ಕ್ರಿಸ್ಟಿನಾ ಕೂಡ ಲಂಡನ್ನಿನ ಹೈಗೇಟಿನಲ್ಲಿ, ಸಮಾಜ 'ಕೆಟ್ಟವರು' ಎಂದು ದೂರವಿಟ್ಟ ಹೆಂಗಸರ ಆಶ್ರಮದಲ್ಲಿ ಕೆಲಸ ಮಾಡುತ್ತಿದ್ದಳು. ಈ ನಂಟು ನನಗೆ ಮುಖ್ಯ ಅನ್ನಿಸುತ್ತಿದೆ.

ತೊಡಕು ಏನೆಂದರೆ, ಅದೇ ಸಂಕಲನದ 'ಸಿಸ್ಟರ್ ಮಾಡ್' ಎಂಬ ಕವಿತೆಯಲ್ಲಿ ಸೋದರಿಯೇ ದ್ರೋಹಿ! ಅದೇ ಕಾಲದ ಕವಿ ಟೆನಿಸನ್ನನ 'ದಿ ಸಿಸ್ಟರ್ಸ್'ನಲ್ಲಂತೂ ಕೊಲೆಯೇ ಇದೆ. ಇವನ್ನೆಲ್ಲ ಒಂದೇ ಪ್ರಬಂಧದಲ್ಲಿ ಸೇರಿಸಲೇ, ಇಲ್ಲ ರೊಸೆಟ್ಟಿಯಲ್ಲೇ ನಿಲ್ಲಲೇ? ಅಕ್ಕತಂಗಿಯರ ಜಗಳ, ಹೊಟ್ಟೆಕಿಚ್ಚು ಇರುವ ವಿಕ್ಟೋರಿಯನ್ ಕವಿತೆಗಳು ಬೇರೆ ಗೊತ್ತಿದ್ದರೆ ಹೆಸರು ಹೇಳಿ. 'ಗಾಬ್ಲಿನ್ ಮಾರ್ಕೆಟ್' ಕನ್ನಡದಲ್ಲಿ ಯಾರಾದರೂ ಓದಿದ್ದೀರಾ?